ಎರಡು ಗೆರೆಯ ವೈರು

ಇವತ್ತು ಬೆಳಿಗ್ಗೆ ಜಯನಗರದ ನಮ್ಮ ಮನೆ ಮುಂದೆ ಹೊಸ ಕಾರಿನ ಪೂಜೆ. ಮೊಮ್ಮಗ ವಿಭೂತಿ ಗಟ್ಟಿಯನ್ನು ನನ್ನ ಕೈಗಿಟ್ಟು, "ನೀನೇ ಹಚ್ಚಜ್ಜಿ" ಎಂದ. ಅದರ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಚಿಕ್ಕವಳಿದ್ದಾಗ ಬಿಳೇಕಹಳ್ಳಿಯ ಅಂಗಳದಲ್ಲಿ ಗಡಗಡ ನಡುಗುತ್ತಿದ್ದ ಅಪ್ಪನ ಪೆಟ್ರೋಲ್ ಲಾರಿ ಕಣ್ಣಮುಂದೆ ಬಂತು.

ಮೆಕ್ಯಾನಿಕ್ ಖಾದರ್ ಸಾಬರು ಹಳೇ ಇಂಜಿನ್ ಇಳಿಸಿ ಬೇರೆಯದು ಕೂರಿಸಿದ್ದರು. ಸ್ಟಾರ್ಟ್ ಮಾಡಿದರೆ ಕೆಮ್ಮುತ್ತ, ಸೈಲೆನ್ಸರಿನಲ್ಲಿ ಢಂ ಎನ್ನುತ್ತಿತ್ತು.

"ಎಂಥಾ ಇಂಜಿನ್ ತಂದು ಕಟ್ಟಿದೀರ ಸಾಬ್ರೇ? ಬಿಚ್ಕೊಂಡ್ ಹೋಗಿ!" ಅಪ್ಪ ಕೂಗಿದರು.

ಸಾಬರು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಕಿವಿಗೊಟ್ಟರು. ನಡುವಿನ ಎರಡನ್ನು ಕಿತ್ತಾಗ ಸದ್ದು ಬದಲಾಗಲೇ ಇಲ್ಲ; ಅಂದರೆ ಆ ಎರಡು ಪ್ಲಗ್ಗುಗಳು ಕೆಲಸವನ್ನೇ ಮಾಡುತ್ತಿರಲಿಲ್ಲ. ಅವೆರಡೂ ಅದಲುಬದಲಾಗದಿರಲೆಂದು ಅವರೇ ಸೀಮೆಸುಣ್ಣದಲ್ಲಿ ಒಂದಕ್ಕೆ ಎರಡು ಗೆರೆ, ಇನ್ನೊಂದಕ್ಕೆ ಮೂರು ಗೆರೆ ಎಳೆದಿಟ್ಟಿದ್ದರು. ಈಗ ನೋಡಿದರೆ ಎರಡರಲ್ಲೂ ಮೂರು!

ವೈರು ಜೋಡಿಸುವ ಮುಂಚೆ ಪೂಜೆಗೆಂದು ವಿಭೂತಿ ಹಚ್ಚಿದವಳು ನಾನೇ. ನಮ್ಮ ಮನೆಯಲ್ಲಿ ವಿಭೂತಿಯೆಂದರೆ ಮೂರು ಗೆರೆ. ಸೀಮೆಸುಣ್ಣದ ಗೆರೆಗಳನ್ನೂ ವಿಭೂತಿಯೆಂದುಕೊಂಡು, ಯಾರೋ ಎರಡಕ್ಕೇ ಬಿಟ್ಟಿದ್ದಾರೆಂದು ಮೂರನೆಯದನ್ನು ಎಳೆದುಬಿಟ್ಟಿದ್ದೆ.

ಸಾಬರು ವಿಭೂತಿ ಮೆತ್ತಿದ್ದ ನನ್ನ ಬೆರಳುಗಳನ್ನೇ ನೋಡಿದರು. ನಾನು ಕೈಯನ್ನು ಲಂಗದ ಹಿಂದೆ ಬಚ್ಚಿಟ್ಟೆ.

"ತಪ್ಪು ನಂದೇ ಸ್ವಾಮಿ, ವೈರು ಅದಲುಬದಲು ಮಾಡ್ಬಿಟ್ಟೆ" ಎಂದು ಸಾಬರು ಅಪ್ಪನಿಗೆ ಹೇಳಿ ಸರಿಪಡಿಸಿದರು. ಇಂಜಿನ್ ಒಂದೇ ಸಮ ಓಡಿತು. ಆದರೆ ಮುಂದಿನ ರಿಪೇರಿಗೆ ಅಪ್ಪ ಬೇರೆಯವರನ್ನು ಕರೆಸಿದರು. ಆಗಲೂ ನಾನು ಬಾಯಿಬಿಡಲಿಲ್ಲ.

ಇವತ್ತು ಕಾರಿನ ಮೇಲೆ ಎರಡು ಗೆರೆ ಎಳೆದೆ. ಮೂರನೆಯದಕ್ಕೆ ಕೈ ಏಳಲಿಲ್ಲ.