ಏಟು ಅಳೆಯುವ ಸಿಸ್ಟರ್

ಬೆಳಿಗ್ಗೆ ಐದೂಮುಕ್ಕಾಲು. ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸಿಸ್ಟರ್ ದರ್ಜಿಯ ಅಳತೆ ಟೇಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದಾರೆ. ಮಂಚದ ಮೇಲೆ ಬೋರಲು ಮಲಗಿರುವ ಹುಡುಗಿಗೆ ಆರು ವರ್ಷ. ಬೆನ್ನ ತುಂಬ ಬೆಲ್ಟಿನ ಬಾಸುಂಡೆ.

“ಅಲುಗಾಡಬೇಡ ಕಂದ. ಫ್ರಾಕಿಗೆ ಅಳತೆ ತಗೋತೀನಿ.”

ಒಂದೊಂದು ಬಾಸುಂಡೆಯ ಪಕ್ಕ ಟೇಪಿಟ್ಟು ಫೋಟೊ ತೆಗೆಯುತ್ತಾರೆ. ಉದ್ದ, ಅಗಲ, ಬಣ್ಣ ಎಲ್ಲ ವರದಿಗೆ. ಕೊನೆಗೆ ಮಗುವಿಗೆ ಅನುಮಾನ ಬಾರದಿರಲೆಂದು ಭುಜ, ತೋಳು ಅಳೆದು ತಮ್ಮ ಪುಸ್ತಕದಲ್ಲಿ ಗೀಚಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ವಾರಕ್ಕೆ ಮೂರೋ ನಾಲ್ಕೋ ಮಕ್ಕಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವವರು ಒಂದು ದಿನ ಈ ಮಂಚದ ಪಕ್ಕ ನಿಂತು ಆ ಮಾತು ಹೇಳಲಿ.

ಬುದ್ಧಿ ಕಲಿಸಲು ಅಪ್ಪ ಅಮ್ಮ ಒಂದೇಟು ಹಾಕಿದರೆ ಇಲ್ಲಿನ ಕಾನೂನು ಸುಮ್ಮನಿರುತ್ತದೆ. ಗಾಯವಾದರೆ ಅಪರಾಧ. ಆ ಗಾಯ ಎಷ್ಟು ದೊಡ್ಡದೆಂದು ಕೋರ್ಟಿಗೆ ತೋರಿಸಬೇಕಾದವರು ಈ ಸಿಸ್ಟರ್.

ಮೊದಲು ಅವರ ಕೈಯಲ್ಲಿ ಮರದ ಸ್ಕೇಲಿತ್ತು. ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ: “ಅದನ್ನ ನೋಡಿದ್ದೇ ಒಂದು ಮಗು ತಾನಾಗೇ ಅಂಗೈ ಚಾಚಿತು, ಹೊಡೀರಿ ಅಂತ. ಸ್ಕೇಲ್ ಆಚೆ ಇಟ್ಟು ಹಾಗೇ ಫೋಟೊ ತೆಗೆದೆ. ಅದೇ ತಪ್ಪಾಯ್ತು.”

ಫೋಟೊದಲ್ಲಿ ಅಳತೆಯಿಲ್ಲ, ಗಾಯ ಉಗುರಷ್ಟೂ ಇರಬಹುದು ಎಂದರು ಹೆತ್ತವರ ಪರ ವಕೀಲರು. ಮಗು ಮನೆಗೆ ಹೋಯಿತು. ಮೂರು ತಿಂಗಳಿಗೆ ತೋಳು ಮುರಿದುಕೊಂಡು ವಾಪಸ್ ಬಂತು. ವಕೀಲರು ಇವತ್ತಿಗೂ ಆರಾಮಾಗಿದ್ದಾರೆ. ನಿದ್ದೆಗೆಟ್ಟವರು ಸಿಸ್ಟರ್. ಟೇಪು, ಫ್ರಾಕಿನ ಸುಳ್ಳು ಎರಡೂ ಬಂದದ್ದು ಆಮೇಲೆ.

ಬಾಗಿಲಲ್ಲಿ ಹುಡುಗಿಯ ಅಪ್ಪ ನಿಂತಿದ್ದಾನೆ.

“ನಮ್ಮಪ್ಪ ಹೊಡೆದಿದ್ದಕ್ಕೇ ಸಿಸ್ಟರ್, ನಾನು ಮನುಷ್ಯ ಆಗಿದ್ದು.”

“ಯಾವಾಗ ಆದ್ರಿ?”

“ನನ್ನ ಮಗಳಿಗೆ ಎರಡೇಟು ಹಾಕೋ ಹಕ್ಕಿಲ್ವಾ ನಂಗೆ?”

“ಎರಡಲ್ಲ, ಹನ್ನೊಂದು. ಎಣಿಸಿದೀನಿ.”

ಹತ್ತೂವರೆಗೆ ಕೋರ್ಟು. ವರದಿ ಗಟ್ಟಿ ನಿಂತರೆ ಹುಡುಗಿ ಅಜ್ಜಿ ಮನೆಗೆ. ಇಲ್ಲವಾದರೆ ಇದೇ ಅಪ್ಪನ ಹಿಂದೆ. ಸಿಸ್ಟರ್ ಹನ್ನೊಂದೂ ಫೋಟೊಗಳನ್ನು ಮತ್ತೊಮ್ಮೆ ನೋಡುತ್ತಾರೆ. ಎಲ್ಲದರಲ್ಲೂ ಟೇಪಿದೆ.

“ಫ್ರಾಕ್ ಯಾವಾಗ ಕೊಡ್ತೀರಿ?” ಹುಡುಗಿ ಕೇಳುತ್ತಾಳೆ. ಸಿಸ್ಟರ್ ಅವಳ ತಲೆ ಸವರಿ ಹೊರಗೆ ಬಂದು ನನಗೆ ಹೇಳುತ್ತಾರೆ:

“ನಂಗೆ ಗುಂಡಿ ಹೊಲಿಯೋಕೂ ಬರಲ್ಲ ಕಣಪ್ಪ. ರಿಟೈರಾಗೋಕೆ ಎರಡು ವರ್ಷ ಇದೆ. ಆಮೇಲೆ ಹೊಲಿಗೆ ಕಲೀತೀನಿ. ಎಲ್ಲರ ಅಳತೆನೂ ಈ ಪುಸ್ತಕದಲ್ಲಿದೆ.” ಪುಸ್ತಕವನ್ನು ಜೇಬಿಗೆ ತುರುಕುತ್ತಾ ಮೆಲ್ಲಗೆ ಸೇರಿಸುತ್ತಾರೆ: “ಹೊಲಿದ ಬಟ್ಟೆ ಒಬ್ಬರಿಗೂ ಆಗಬಾರದು. ಅಷ್ಟು ಬೆಳೆದಿರಬೇಕು ಮಕ್ಕಳು.”