ಕಟ್ಟದೆ ಉಳಿದ ಜೋಡಿ

ಹೋದ ವಾರ ನಮ್ಮ ಬೀದಿಯ ಗರಡಿಗೆ ಹೊಸ ಮಣ್ಣು ಹಾಕಿದರು. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಕಲಸುತ್ತಿದ್ದಂತೆ ಆ ವಾಸನೆ ಗೋಡೆ ಹಾರಿ ನನ್ನ ಬಡಗಿ ಅಂಗಡಿಯೊಳಗೆ ನುಗ್ಗಿತು. ಬೇರೆಯವರಿಗೆ ಅದು ಹಬ್ಬದ ವಾಸನೆ. ನಾನು ಕಿಟಕಿ ಮುಚ್ಚಿದೆ. ಆದರೂ ಎದುರು ಕುಲುಮೆಯವನು ನೆನಪಾಗಿಯೇ ಬಿಟ್ಟ. ಸತ್ತು ಮೂರು ವರ್ಷವಾದರೂ ನನ್ನ ನೆಮ್ಮದಿ ಕೆಡಿಸುವುದನ್ನು ಬಿಟ್ಟಿಲ್ಲ ಆಸಾಮಿ.

ಶ್ರೀರಂಗಪಟ್ಟಣದ ಈ ಒಂದೇ ಬೀದಿಯಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷ ಜಗಳವಾಡಿದೆವು. ಅದೂ ನಡೆಯದೇ ಹೋದ ಒಂದು ಕುಸ್ತಿಗಾಗಿ. ಒಬ್ಬ ಪೈಲ್ವಾನ್ ನಮ್ಮಪ್ಪ. ಇನ್ನೊಬ್ಬ ನಾಗಮಂಗಲದವನು. ಇಬ್ಬರೂ ಒಂದೇ ಕಾಲದವರು, ಇಬ್ಬರ ಬೆನ್ನಿಗೂ ಮಣ್ಣು ಹತ್ತಿದ್ದನ್ನು ನೋಡಿದವರಿಲ್ಲ. ಹಿಡಿದಿದ್ದರೆ ಯಾರು ಗೆಲ್ಲುತ್ತಿದ್ದರು? ಕುಲುಮೆಯವನು ನಾಗಮಂಗಲದವನ ಕಡೆ. ಇಕ್ಕಳವನ್ನು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲಿಟ್ಟು, "ಇದು ನಿಮ್ಮಪ್ಪನ ಕಾಲು ಅನ್ಕೋ" ಎಂದು ಸುತ್ತಿಗೆಯಿಂದ ಒಂದು ತಳ್ಳು ತಳ್ಳಿ ಕೆಳಗೆ ಬೀಳಿಸುತ್ತಿದ್ದ. ನಾನು ಬಿಡುತ್ತಿದ್ದೆನೇ? ಒಣ ಮಣ್ಣಲ್ಲಾದರೆ ನಿಮ್ಮವನು ಉಸಿರು ಕಟ್ಟಿ ಸಾಯುತ್ತಿದ್ದ, ನಮ್ಮಪ್ಪ ಅವನ ಸೊಂಟ ಹಿಡಿದರೆ ಎದ್ದೇಳುತ್ತಿರಲಿಲ್ಲ ಎಂದು ಟೀ ಅಂಗಡಿಯ ಬೆಂಚು ಗುದ್ದಿ ಹೇಳುತ್ತಿದ್ದೆ. ಏನು ನಾಲಿಗೆಯೋ ಅವನದು! ಆ ಸಿಟ್ಟಿಗೆ ನನ್ನ ಉಳಿಗಳನ್ನು ಎದುರಿನ ಕುಲುಮೆಗೆ ಕೊಡದೆ, ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ ತಟ್ಟಿಸಿಕೊಂಡು ಬರುತ್ತಿದ್ದೆ.

ಅವನ ಹತ್ತಿರ ಒಂದು ಅಸ್ತ್ರವಿತ್ತು. ಕುಸ್ತಿಗೆ ಮೊದಲು ನಮ್ಮ ಕಡೆ ಜೋಡಿ ಕಟ್ಟುತ್ತಾರೆ. ಎತ್ತರ, ತೂಕ ನೋಡಿ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಇಬ್ಬರೂ ಕೈ ಹಿಡಿದರೆ ಜೋಡಿ ಕಟ್ಟಿದಂತೆ. ಕೆ.ಆರ್. ಪೇಟೆಯಲ್ಲಿ ಒಂದು ಸಲ ಅವರಿಬ್ಬರನ್ನೂ ಹಾಗೆ ನಿಲ್ಲಿಸಿದ್ದರಂತೆ. ನಾಗಮಂಗಲದವನು ಕೈ ಚಾಚಿದ. ಅಪ್ಪ ಚಾಚಲಿಲ್ಲ. ಭುಜ ಜಾರಿದೆ ಎಂದು ಹೇಳಿ ಹಿಂದೆ ಸರಿದ. ಆ ವರ್ಷವೇ ನಾಗಮಂಗಲದವನು ಜ್ವರ ಬಂದು ತೀರಿಹೋದ, ಜೋಡಿ ಮತ್ತೆ ಕಟ್ಟಲೇ ಇಲ್ಲ.

"ಭುಜನೂ ಇಲ್ಲ, ಗಿಜನೂ ಇಲ್ಲ. ಎದ್ರುಕೊಂಡ ಕಣ್ಲಾ ನಿಮ್ಮಪ್ಪ" ಎನ್ನುತ್ತಿದ್ದ ಕುಲುಮೆಯವನು. ಮೈಯೆಲ್ಲ ಉರಿದುಹೋಗುತ್ತಿತ್ತು.

ಅಪ್ಪ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದೆ. ಇದೇ ಭುಜ ಅಲ್ಲವೇ ಅಪ್ಪ ಜಾರಿದ್ದು ಅಂತ ಕೇಳಿದೆ, ಪ್ರೀತಿಯಿಂದಲೇ. ಅಪ್ಪ ಗೋಡೆ ಕಡೆ ತಿರುಗಿದ.

"ಯಾವ ಭುಜನೂ ಜಾರಿರ್ಲಿಲ್ಲ ಕಣ್ಲಾ ಮಗ. ಅವನ ಕತ್ತು ನೋಡ್ದೆ... ಎದ್ರುಕೊಂಡ್ಬುಟ್ಟೆ."

ಎಣ್ಣೆ ಬಟ್ಟಲು ಎತ್ತಿ ಪಕ್ಕಕ್ಕಿಟ್ಟೆ. ಆಮೇಲೆ ಏನು ಮಾತಾಡಿದೆನೋ... ನೆನಪಿಲ್ಲ. ತಿಂಗಳೊಳಗೆ ಅಪ್ಪ ಹೋದ.

ತಿಥಿಯ ದಿನ ಕುಲುಮೆಯವನೂ ಊಟಕ್ಕೆ ಬಂದಿದ್ದ. ಎಲೆ ಮುಂದೆ ಕೂತು, ಪಕ್ಕದವರಿಗೆ ಅದೇ ಹಳೇ ರಾಗ ಶುರು ಮಾಡಿದ. ನಮ್ಮ ಅನ್ನ ತಿನ್ನುತ್ತಾ! ರಟ್ಟೆ ಹಿಡಿದು ಎಬ್ಬಿಸಿದೆ. ಅವನೂ ಬಿಡಲಿಲ್ಲ.

"ಅಂಗಾದ್ರೆ ಗರಡಿ ಮಣ್ಣು ಮುಟ್ಟಿ ಯೋಳ್ಲಾ, ಭುಜ ಜಾರಿತ್ತು ಅಂತ. ಯೋಳು, ಇನ್ ಬಾಯಿ ಬುಡಾಕಿಲ್ಲ."

ಆ ಮಣ್ಣಿನ ಮೇಲೆ ಸುಳ್ಳು ಹೇಳಿದ ಪೈಲ್ವಾನ್ ನಮ್ಮ ಸೀಮೆಯಲ್ಲಿಲ್ಲ. ಚಪ್ಪಲಿ ಮೆಟ್ಟಿ ಒಳಗೆ ಕಾಲಿಡುವವರೂ ಇಲ್ಲ. ಉಂಡವರೆಲ್ಲ ಎದ್ದು ನನ್ನ ಹಿಂದೆ ಗರಡಿಗೆ ಬಂದರು. ನಾನು ಬಗ್ಗಿ ಮಣ್ಣು ಮುಟ್ಟಿದೆ. ಭುಜ ಜಾರಿತ್ತು ಎಂದೆ. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ.

ಅವನು ನಂಬಿಬಿಟ್ಟ. ಮಾರನೇ ದಿನ ಕಾಯಿ, ಬಾಳೆಹಣ್ಣು ಹಿಡಿದು ನನ್ನ ಅಂಗಡಿಗೆ ಬಂದು, ಅಪ್ಪನ ಫೋಟೋ ಮುಂದೆ ಕೈಮುಗಿದು, "ತಪ್ಪಾಯ್ತು ಪೈಲ್ವಾನ್ರೇ" ಎಂದು ಹೋದ. ಅಂದಿನಿಂದ ಯಾರಾದರೂ ಆ ಕುಸ್ತಿಯ ಮಾತೆತ್ತಿದರೆ ಅವನೇ ತಡೆಯುತ್ತಿದ್ದ: "ಬುಡ್ರಲಾ, ಮಣ್ಣು ಮುಟ್ಟವ್ನೆ ಅವ್ನು."

ಗೆದ್ದೆನಲ್ಲ, ಖುಷಿಯಾಗಬೇಕಿತ್ತು. ಆಗಲಿಲ್ಲ. ಬೈಯುತ್ತಿದ್ದಾಗ ಅವನ ಮೇಲಿದ್ದ ಸಿಟ್ಟಿಗಿಂತ, ನಂಬಿದ ಮೇಲೆ ಬಂದ ಸಿಟ್ಟೇ ದೊಡ್ಡದು. ಥೂ, ಇಪ್ಪತ್ತು ವರ್ಷ ನಂಬದವನು ನನ್ನ ಒಂದು ಮಾತಿಗೆ ನಂಬುವುದೇ? ಚರಂಡಿ ನೀರಿಗೆ ಜಗಳ ತೆಗೆದೆ, ಅವನ ಚಪ್ಪರದ ಕಂಬ ನನ್ನ ಕಡೆ ವಾಲಿದೆ ಎಂದು ಕೂಗಾಡಿದೆ. ಒಂದು ಸಲವಾದರೂ ತಿರುಗಿ "ನಿಮ್ಮಪ್ಪ ಎದ್ರುಪುಕ್ಕಲ" ಎನ್ನಲಿ ಎಂದು ಕಾದೆ. ಅವನು ಅನ್ನಲಿಲ್ಲ. ತಲೆ ತಗ್ಗಿಸಿ ತಿದಿ ಒತ್ತುತ್ತಿದ್ದ. ನಿಜ ಹೇಳಿಬಿಡಬೇಕು ಎಂದು ಎಷ್ಟೋ ಸಲ ರಸ್ತೆ ಅರ್ಧ ದಾಟಿ... ವಾಪಸು ಬಂದಿದ್ದೇನೆ. ಅವನ ಹೆಣ ಎತ್ತುವಾಗಲೂ ಅಂಗಡಿ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದೆ.

ಕುಲುಮೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ನನ್ನ ಜೊತೆ ಆ ಕುಸ್ತಿ ಆಡುವವರು ಈ ಬೀದಿಯಲ್ಲಿ ಯಾರೂ ಉಳಿದಿಲ್ಲ. ಅವನು ಬೇಕಿತ್ತು ನನಗೆ. ಬೈಯುವುದಕ್ಕಾದರೂ ಬೇಕಿತ್ತು.

ಅವತ್ತು ಮಣ್ಣು ಕಲಸಿಯಾದ ಮೇಲೆ ಗರಡಿಯವರು ನಾಲ್ಕು ಜನ ಅಂಗಡಿಗೆ ಬಂದರು. "ಪೈಲ್ವಾನ್ರ ಮಗ ನೀವು, ಮೊದಲ್ನೇ ಇಡಿ ಮಣ್ಣು ನೀವೇ ಆಕ್ಬೇಕು, ಬನ್ನಿ" ಎಂದರು. ಅವರ ಹಿಂದೆ ಗರಡಿ ಬಾಗಿಲವರೆಗೂ ಹೋದೆ. ಒಬ್ಬ ತಟ್ಟೆಯಲ್ಲಿ ಮಣ್ಣು ತಂದು ಮುಂದೆ ಹಿಡಿದ. ಕೈ ಮೇಲೇಳಲಿಲ್ಲ.

"ಭುಜ ನೋಯ್ತದೆ ಕಣ್ರಪ್ಪಾ" ಎಂದೆ.

ಪಾಪ, ಎಲ್ಲರೂ ನಂಬಿದರು.