ಬಾವಿಯಲ್ಲಿ ಮಾಸ್ತರರ ಹಾಜರಿ

ಗೆಳೆಯರೇ, ಬೇಸಿಗೆ ರಜೆಯಲ್ಲಿ ನಾನು ಕಟ್ಟೆಯ ಮೇಲೆ ಕೂತರೆ ಏಕಸಂಬಿಯ ಮಕ್ಕಳೆಲ್ಲ ಸುತ್ತ ನೆರೆಯುತ್ತಿದ್ದರು. ನನ್ನಂತೆ ಕತೆ ಹೇಳುವ ಮಾಸ್ತರ ಈ ತಾಲೂಕಿನಲ್ಲೇ ಇಲ್ಲ. ಈ ಸಲ ಒಬ್ಬರೂ ಬರಲಿಲ್ಲ. ಎಲ್ಲರೂ ನೆರೆಯ ಅಪ್ಪಾಸಾಬನ ಬಾವಿಯಲ್ಲಿ, ಬೆನ್ನಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು ಅವನಿಂದ ಈಜು ಕಲಿಯುತ್ತಿದ್ದಾರೆ. ಹೊಟ್ಟೆಕಿಚ್ಚು ತಡೆಯಲಾರದೆ, ಅವನ ತಪ್ಪು ಹುಡುಕೋಣವೆಂದು ಇಂದು ಅಲ್ಲಿಗೇ ಹೋದೆ.

"ಗುರುಗಳ, ನನಗ ಮೂರ ದಿನದಾಗ ಈಸು ಬಂತ್ರಿ," ಎಂದು ನೀರಿನಿಂದಲೇ ಕೂಗಿದಳು ನಾಲ್ಕನೇ ತರಗತಿಯ ಪದ್ಮಾ. ನನ್ನ ತರಗತಿಯಲ್ಲಿ ವರ್ಷವಿಡೀ ಬಾಯಿ ತೆರೆಯದ ಹುಡುಗಿ.

"ಅದೇನ್ ದೊಡ್ಡದು? ನಾ ಕೃಷ್ಣಾ ಹೊಳಿ ಈಸಿ ದಾಟಿದಾಂವ," ಎಂದುಬಿಟ್ಟೆ.

"ಹಂಗಾರ ಇಳೀರಿ ಮಾಸ್ತರ," ಎಂದ ಅಪ್ಪಾಸಾಬ.

ಮೂರನೇ ಮೆಟ್ಟಿಲಿಗೇ ನಿಂತು ಬಾವಿಯ ಗೋಡೆ ಹಿಡಿದುಕೊಂಡೆ. ಅವನು ಮೇಲೆ ಬಂದು ನನ್ನ ಬೆನ್ನಿಗೆ ಎರಡು ಕ್ಯಾನು ಕಟ್ಟಿದ. ಮಕ್ಕಳೆಲ್ಲ ನೋಡುತ್ತಿದ್ದರು.

ಪದ್ಮಾ ಧೈರ್ಯ ಹೇಳಿದಳು, "ಅಂಜಬ್ಯಾಡ್ರಿ ಗುರುಗಳ. ತಪ್ಪಿದ್ರ ಇಲ್ಲಿ ಯಾರೂ ಬೈಯೂದಿಲ್ರಿ."

ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ಬರಲು ಅಪ್ಪಾಸಾಬ ಹೇಳಿದ್ದಾನೆ. ಅವನು ನನಗಿಂತ ಒಳ್ಳೆಯ ಮಾಸ್ತರ ಎಂದು ನಾನಂತೂ ಒಪ್ಪುವುದಿಲ್ಲ. ಕ್ಯಾನು ಮಾತ್ರ ಬಿಗಿಯಾಗಿ ಕಟ್ಟುತ್ತಾನೆ.